ಪರ್ಸೆಂಟೇಜ್ ಎಷ್ಟು? ಕೇಂದ್ರ ಸಾಮಾಜಿಕ ನ್ಯಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು,
ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ,
ಭಾರತ ಸರ್ಕಾರ, ನವದೆಹಲಿ.

ವಿಷಯ: ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 38ರ ‘ಹೆಚ್ಚಿನ ಬೆಂಬಲ’ವನ್ನು ಜಾರಿಗೆ ತರುವ ಬಗ್ಗೆ.

ಮಾನ್ಯರೇ,

ಅಂಗವಿಕಲರೊಬ್ಬರು ಯಾವ ಕಚೇರಿಯ ಕಿಟಕಿಯ ಮುಂದೆ ನಿಂತರೂ ಅಂಗವಿಕಲತೆಯ ಪ್ರಮಾಣದ ಬಗ್ಗೆ ಮೊದಲು ಕೇಳಿಬರುವ ಮಾತು ಒಂದೇ: “ಪರ್ಸೆಂಟೇಜ್ ಎಷ್ಟಿದೆ?” ಪಿಂಚಣಿಗೆ ಹೋದರೆ ಅದೇ, ಕಾಲೇಜು ಸೀಟಿಗೆ ಅದೇ, ತೆರಿಗೆ ವಿನಾಯಿತಿಗೂ ಅದೇ. ಸ್ನಾನ ಮಾಡಿಸುವವರು ಯಾರು, ರಾತ್ರಿ ಮಗ್ಗುಲು ಹೊರಳಿಸಲು ಯಾರು ಏಳುತ್ತಾರೆ, ಬ್ಯಾಂಕಿನ ಕಾಗದ ಯಾರು ಓದಿ ಹೇಳುತ್ತಾರೆ ಎಂದು ಕೇಳುವ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ. ಯುಡಿಐಡಿ (ಅಂಗವಿಕಲರ ಗುರುತಿನ ಕಾರ್ಡು) ಅರ್ಜಿ ತುಂಬಿಸುವ, ಮೆಡಿಕಲ್ ಬೋರ್ಡಿಗೆ ಜನರನ್ನು ಕರೆದೊಯ್ಯುವ, ಪಿಂಚಣಿ ಕಡತಗಳ ಹಿಂದೆ ಅಲೆಯುವ ಕೆಲಸದಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂಗವಿಕಲರು ಮತ್ತು ಪೋಷಕರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ದೂರು ಆ ಇಲ್ಲದ ಕಾಲಂ ಬಗ್ಗೆ. ಕಾಯ್ದೆ ‘ಹೆಚ್ಚಿನ ಬೆಂಬಲ’ ಎಂದು ಕರೆಯುವುದು ಇಂಥ ನೆರವನ್ನೇ.

ಆಗಿರುವ ಕೆಲಸವನ್ನು ಆಗಿಲ್ಲ ಎನ್ನುವವರು ನಾವಲ್ಲ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರಲ್ಲೇ ಒಪ್ಪಿಗೆ ಹಾಕಿತು. 1995ರ ಕಾಯ್ದೆ 7 ಬಗೆಯ ಅಂಗವಿಕಲತೆಗಳನ್ನಷ್ಟೇ ಗುರುತಿಸಿತ್ತು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಹೊಸ ಕಾಯ್ದೆ 21ನ್ನು ಗುರುತಿಸಿತು. ಆಟಿಸಂ, ಕಲಿಕಾ ನ್ಯೂನತೆ, ಥಲಸ್ಸೇಮಿಯಾ, ಪಾರ್ಕಿನ್ಸನ್ ಇರುವವರಿಗೆ ಮೊದಲ ಬಾರಿಗೆ ಈ ಪಟ್ಟಿಯಲ್ಲಿ ಹೆಸರು ಸಿಕ್ಕಿತು. 2021ರ ಜೂನ್‌ನಿಂದ ಪ್ರಮಾಣಪತ್ರಗಳು ಆನ್‌ಲೈನ್‌ನಲ್ಲೇ ಬರುತ್ತಿವೆ. ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಿದ್ದರೆ ನೀಲಿ ಪಟ್ಟಿಯ ಕಾರ್ಡು. ಮಾಸಿಹೋದ ಜೆರಾಕ್ಸ್ ಪ್ರತಿ ಹಿಡಿದು ಊರೂರು ತಿರುಗುವ ಕಾಲಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಆ ಬಣ್ಣ ಹೇಗೆ ನಿರ್ಧಾರವಾಗುತ್ತದೆ ಎಂಬುದನ್ನು ತಾವು ಒಮ್ಮೆ ಕೂತು ನೋಡಬೇಕು.

ಬೌದ್ಧಿಕ ಅಂಗವಿಕಲತೆಯನ್ನೇ ತೆಗೆದುಕೊಳ್ಳಿ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಸಾಮಾಜಿಕ ಪ್ರೌಢಿಮೆಯ (ದಿನನಿತ್ಯದ ಕೆಲಸಗಳನ್ನು ತಾವೇ ನಿಭಾಯಿಸುವ ಶಕ್ತಿಯ) ಅಂಕ 55ರಿಂದ 69 ಇದ್ದರೆ ಶೇ. 50, ಅದಕ್ಕಿಂತ ಕೆಳಗಿನ ಮಧ್ಯಮ ಹಂತಕ್ಕೆ ಶೇ. 75, ತೀವ್ರವಾದರೆ 90, ಅತಿ ತೀವ್ರವಾದರೆ 100. ನಡುವೆ 80 ಎಂಬ ಮೆಟ್ಟಿಲೇ ಇಲ್ಲ. ಆದರೆ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಗೆ ಬಡತನ ರೇಖೆಯ ಕೆಳಗಿರುವುದರ ಜೊತೆಗೆ ಶೇ. 80 ಬೇಕು. ಮಧ್ಯಮ ಹಂತದ ಬೌದ್ಧಿಕ ಅಂಗವಿಕಲತೆ ಇರುವ ವಯಸ್ಕರನ್ನು ಹತ್ತಿರದಿಂದ ಬಲ್ಲವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಅವರಲ್ಲಿ ಬಹಳ ಮಂದಿ ಉಣ್ಣಬಲ್ಲರು, ಉಡಬಲ್ಲರು. ಒಬ್ಬರೇ ರಸ್ತೆ ದಾಟಲಾರರು, ಚಿಲ್ಲರೆ ಎಣಿಸಲಾರರು, ಗ್ಯಾಸ್ ಒಲೆಯ ಬಳಿ ಅವರನ್ನು ಒಂಟಿಯಾಗಿ ಬಿಡುವಂತಿಲ್ಲ. ದಿನವಿಡೀ ಒಬ್ಬರು ಕಣ್ಣಿಟ್ಟಿರಲೇಬೇಕು. ಹೀಗೆ ಕಣ್ಣಿಡಲು ಮನೆಯ ಒಬ್ಬರು ದುಡಿಮೆ ಬಿಡುತ್ತಾರೆ. ಬೇರೆ ಅಂಗವಿಕಲತೆ ಜೊತೆಗೆ ಸೇರದಿದ್ದರೆ ಅಂಥವರೆಲ್ಲರೂ, ಒಬ್ಬರೂ ತಪ್ಪದಂತೆ, ಶೇ. 75ರಲ್ಲಿ ನಿಂತು ಕೇಂದ್ರದ ಪಿಂಚಣಿಯಿಂದ ಹೊರಗೆ ಉಳಿಯುತ್ತಾರೆ. ಇಲ್ಲಿ ಯಾವ ವೈದ್ಯರ ತಪ್ಪೂ ಇಲ್ಲ. ಎರಡು ಇಲಾಖೆಗಳು ಬೇರೆ ಬೇರೆ ಕಾಲದಲ್ಲಿ ಮಾಡಿದ ಎರಡು ಕೋಷ್ಟಕಗಳು ಒಂದಕ್ಕೊಂದು ಹೊಂದುವುದಿಲ್ಲ, ಅಷ್ಟೇ.

ಆಟಿಸಂನಲ್ಲಿ ಇನ್ನೊಂದು ಬಗೆ. ಐಎಸ್‌ಎಎ ಎಂಬ ಅಳತೆಯಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5 ಅಂಕ. ಮಗುವನ್ನು ಗಮನಿಸಿ, ಮನೆಯವರನ್ನು ಕೇಳಿ ಅಂಕ ಹಾಕುತ್ತಾರೆ. ಒಟ್ಟು 123 ಬಂದರೆ ಶೇ. 70, 124 ಬಂದರೆ ಶೇ. 80. ಒಂದೇ ಒಂದು ಅಂಕ! ಹೊರಗೆ ಐವತ್ತು ಜನ ಕಾಯುತ್ತಿರುವ ಓಪಿಡಿ ಕೋಣೆಯಲ್ಲಿ, ಹೊಸ ಜಾಗ ಕಂಡು ಬೆದರಿದ ಮಗುವಿನ ಎದುರು, ನಲವತ್ತು ಅಂಶಗಳಲ್ಲಿ ಒಂದಕ್ಕೆ 3 ಹಾಕಬೇಕೋ 4 ಹಾಕಬೇಕೋ ಎಂಬುದರ ಮೇಲೆ ಮುಂದಿನ ಎಷ್ಟೋ ವರ್ಷಗಳ ಹಣ ನಿಂತಿದೆ.

ಒಂದಕ್ಕಿಂತ ಹೆಚ್ಚು ತೊಂದರೆ ಇರುವವರ ಪಾಡು ಬೇರೆ. ಇಂಥವರಿಗೆ ಎರಡು ಅಂಕಿಗಳನ್ನು ಸುಮ್ಮನೆ ಕೂಡುವಂತಿಲ್ಲ, ಸೂತ್ರವಿದೆ: 90ರಿಂದ ದೊಡ್ಡ ಅಂಕಿಯನ್ನು ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಕೂಡಿಸಬೇಕು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ಶೇ. 30. ಅದೇ ವ್ಯಕ್ತಿಗೆ ಕಾಲಿನದು ಶೇ. 30 ಇದ್ದರೆ, 60ನ್ನು 30ರಿಂದ ಗುಣಿಸಿ 90ರಿಂದ ಭಾಗಿಸಿದರೆ 20, ಒಟ್ಟು 50. ಅಂದರೆ ಅವರು ಹೆಚ್ಚಿನ ಸೌಲಭ್ಯಗಳಿಗೆ ಬೇಕಾದ 40ರ ಗೆರೆ ದಾಟಿದವರು. ಆದರೆ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬುವ ಹುಡುಗ ‘ಕಾಲು’ ಒಂದನ್ನೇ ಆರಿಸಿದರೆ ಮೂಳೆ ತಜ್ಞರು ಕಾಲನ್ನಷ್ಟೇ ನೋಡುತ್ತಾರೆ, 30 ಬರೆಯುತ್ತಾರೆ, ಬಿಳಿ ಕಾರ್ಡು ಬರುತ್ತದೆ. ಬಿಳಿ ಕಾರ್ಡಿಗೆ ಸಿಗುವುದು ಹೆಚ್ಚೇನಿಲ್ಲ. (ಇದನ್ನು ಓದುತ್ತಿರುವ ಕಾರ್ಯಕರ್ತರಿಗೂ ಒಂದು ಮಾತು: ಇರುವ ಎಲ್ಲ ತೊಂದರೆಗಳನ್ನೂ ಅರ್ಜಿಯಲ್ಲಿ ಗುರುತು ಮಾಡಿಸಿ. ಸೈಬರ್ ಸೆಂಟರಿನವರ ಮೊಬೈಲ್ ನಂಬರ್ ಕೊಡಲೇಬೇಡಿ. ಆರು ತಿಂಗಳ ಮೇಲೆ ಓಟಿಪಿ ಬೇಕಾದಾಗ ಅವರು ಸಿಗುವುದಿಲ್ಲ. ಆಧಾರ್‌ನಲ್ಲಿರುವ ಹೆಸರಿಗೂ ಅರ್ಜಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಾದರೂ ಅರ್ಜಿ ಮುಂದೆ ಹೋಗದೆ ನಿಲ್ಲುತ್ತದೆ.)

ಇನ್ನು ಕಾಯುವ ಮಾತು. ಪ್ರಮಾಣಪತ್ರ ಕೊಡಲು ಮೊದಲು ಒಂದು ತಿಂಗಳ ಗಡುವಿತ್ತು; 2024ರ ತಿದ್ದುಪಡಿಯಲ್ಲಿ ಅದನ್ನು ಮೂರು ತಿಂಗಳಿಗೆ ಹಿಗ್ಗಿಸಿದಿರಿ. ತಡವಾಗುತ್ತಿದ್ದುದು ಗಡುವು ಚಿಕ್ಕದಾಗಿದ್ದುದರಿಂದಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಇಲ್ಲದಿದ್ದರೆ ಬೌದ್ಧಿಕ ಅಂಗವಿಕಲತೆ, ಆಟಿಸಂ, ಕಲಿಕಾ ನ್ಯೂನತೆಯ ಅರ್ಜಿಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಚಿಕ್ಕ ಮಕ್ಕಳ ಕಿವಿಯನ್ನು ಗುಂಡಿ ಒತ್ತಿಸಿ ಪರೀಕ್ಷಿಸಲಾಗದು, ಸದ್ದಿಗೆ ಮಿದುಳಿನ ಪ್ರತಿಕ್ರಿಯೆಯನ್ನು ಯಂತ್ರದಿಂದ ಅಳೆಯುವ ಬೇರಾ ಪರೀಕ್ಷೆ ಬೇಕು. ಯಂತ್ರವಿಲ್ಲದ ಜಿಲ್ಲೆಯ ಮಗು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆಗೆ ಹೋಗಬೇಕು. ಇಷ್ಟೆಲ್ಲ ಆಗಿ ಸಿಕ್ಕಿದ್ದು ಐದು ವರ್ಷದೊಳಗಿನ ಮಗುವಿಗೆ ತಾತ್ಕಾಲಿಕ ಪತ್ರ. ಬೌದ್ಧಿಕ ಅಂಗವಿಕಲತೆಗೆ 5, 10 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ. ಕಲಿಕಾ ನ್ಯೂನತೆಗೆ 8, 14 ಮತ್ತು 18ರಲ್ಲಿ. ಮಕ್ಕಳು ಬೆಳೆಯುತ್ತಾರೆ, ಮರುಪರೀಕ್ಷೆಗೆ ವೈದ್ಯಕೀಯ ಕಾರಣವಿದೆ, ಅದನ್ನು ಒಪ್ಪುತ್ತೇವೆ. ಆದರೆ ಹಳೆಯ ಪತ್ರದ ಅವಧಿ ಮುಗಿದು ಹೊಸದು ಬರುವವರೆಗಿನ ತಿಂಗಳುಗಳಲ್ಲಿ ಪಿಂಚಣಿ, ವಿದ್ಯಾರ್ಥಿವೇತನ ನಿಂತುಹೋಗುವುದಕ್ಕೆ ಯಾವ ವೈದ್ಯಕೀಯ ಕಾರಣವಿದೆ?

ಇಷ್ಟೆಲ್ಲ ದಾಟಿ ಬಂದ ಕಾರ್ಡು ಒಂದು ಅಂಕಿಯನ್ನು ಹೇಳುತ್ತದೆ. ಬೇಕಾದದ್ದೇನು ಎಂದು ಹೇಳುವುದಿಲ್ಲ. ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪಿದವರ ಒಂದು ದಿನವನ್ನು ಲೆಕ್ಕ ಹಾಕಿ. ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಒತ್ತು ಹುಣ್ಣು. ಗಾಲಿ ಕುರ್ಚಿಯಲ್ಲಿ ಕೂತಾಗ ಅರ್ಧ ಗಂಟೆಯೊಳಗೆ ಒಮ್ಮೆಯಾದರೂ ಭಾರ ಎತ್ತಿ ಕೂರಿಸಬೇಕು. ದಿನಕ್ಕೆ ನಾಲ್ಕರಿಂದ ಆರು ಬಾರಿ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯಬೇಕು. ಮಲವಿಸರ್ಜನೆಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಇದರ ಮೇಲೆ ಸ್ನಾನ, ಊಟ, ಹಾಸಿಗೆಯಿಂದ ಕುರ್ಚಿಗೆ ಎತ್ತುವುದು. ಕಿವುಡರಿಗೆ ಬೇಕಾದದ್ದು ಇದಲ್ಲ; ಆಸ್ಪತ್ರೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ನ್ಯಾಯಾಲಯದಲ್ಲಿ ಕೆಲವು ಗಂಟೆ ಸಂಜ್ಞಾ ಭಾಷೆಯ ದುಭಾಷಿ. ಮನೋರೋಗ ಇರುವವರಿಗೆ ಹತ್ತು ತಿಂಗಳು ಏನೂ ಬೇಡದಿರಬಹುದು, ಹನ್ನೊಂದನೆಯ ತಿಂಗಳಲ್ಲಿ ಹಗಲೂ ರಾತ್ರಿ ಒಬ್ಬರು ಜೊತೆಗಿರಬೇಕಾಗಬಹುದು. ಇವರೆಲ್ಲರ ಕಾರ್ಡಿನ ಮೇಲೂ ಒಂದೇ ಅಂಕಿ ಇರಬಹುದು, ಬಣ್ಣವೂ ಒಂದೇ ಇರಬಹುದು.

ಕಾನೂನು ಬರೆದವರಿಗೆ ಇದು ಗೊತ್ತಿತ್ತು. ಅದಕ್ಕೇ ಸೆಕ್ಷನ್ 38 ಇದೆ. ಶೇ. 40 ಅಥವಾ ಹೆಚ್ಚು ಇರುವ ಯಾರೇ ಆಗಲಿ, ತಮಗೆ ಹೆಚ್ಚಿನ ಬೆಂಬಲ ಬೇಕು ಎನಿಸಿದರೆ, ತಾವೇ ಅಥವಾ ತಮ್ಮ ಪರವಾಗಿ ಇನ್ನೊಬ್ಬರ ಮೂಲಕ, ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಪ್ರಾಧಿಕಾರ ಅದನ್ನು ಮೌಲ್ಯಮಾಪನ ಮಂಡಳಿಗೆ ಕಳಿಸಬೇಕು. ಬೆಂಬಲ ಬೇಕೇ, ಬೇಕಾದರೆ ಯಾವ ಬಗೆಯದು ಎಂದು ಮಂಡಳಿ ವರದಿ ಕೊಡಬೇಕು. ಅದರಂತೆ ಪ್ರಾಧಿಕಾರ ಕ್ರಮ ಕೈಗೊಳ್ಳಬೇಕು. ದೇಹದ ಆರೈಕೆಯಷ್ಟೇ ಅಲ್ಲ, ಸ್ವಂತ ತೀರ್ಮಾನ ತೆಗೆದುಕೊಳ್ಳಲು, ಓದಲು, ದುಡಿಯಲು, ಜನರೊಡನೆ ಬೆರೆಯಲು ಬೇಕಾಗುವ ನೆರವೂ ‘ಹೆಚ್ಚಿನ ಬೆಂಬಲ’ದ ವ್ಯಾಖ್ಯೆಯೊಳಗೇ ಇದೆ. ಸೆಕ್ಷನ್ 24ರಲ್ಲಿ ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತೂ ಇದೆ. ಮಂಡಳಿಯ ರಚನೆಯ ಬಗ್ಗೆ 2019ರಲ್ಲಿ ನಿಯಮ ತಿದ್ದುಪಡಿಯೂ ಆಯಿತು.

ಹಾಗಿದ್ದರೆ ಇದು ನೆಲಕ್ಕೆ ಏಕೆ ಇಳಿಯಲಿಲ್ಲ? ಸೆಕ್ಷನ್ 38ರ ಕೊನೆಯ ಉಪವಾಕ್ಯ ನೋಡಿ: ವರದಿಯಂತೆ ಬೆಂಬಲ ಕೊಡಬೇಕು, ಆದರೆ ಅದು ಸರ್ಕಾರದ ಸಂಬಂಧಪಟ್ಟ ಯೋಜನೆ ಮತ್ತು ಆದೇಶಗಳಿಗೆ ಒಳಪಟ್ಟು. ಯೋಜನೆಯೇ ಇಲ್ಲದಿದ್ದರೆ ಒಳಪಡುವುದು ಯಾವುದಕ್ಕೆ? ಸೆಕ್ಷನ್ 24 ಸಹ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂದೇ ಶುರುವಾಗುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಹೀಗೆ ಇನ್ನೊಂದು ಕೈಯಲ್ಲಿ ಹಿಡಿದಿಟ್ಟುಕೊಂಡಿದ್ದೀರಿ. ತಾಲ್ಲೂಕಿನ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇವರಿಗೆ ಪಿಂಚಣಿ ಅರ್ಜಿ ಗೊತ್ತು, ಬಸ್ ಪಾಸ್ ಗೊತ್ತು, ಸಾಧನ ಸಲಕರಣೆ ಗೊತ್ತು. ಸೆಕ್ಷನ್ 38ರ ಅರ್ಜಿ ನಮೂನೆಯನ್ನು ನಮ್ಮ ಕೈಗೆ ಯಾರೂ ಕೊಟ್ಟಿಲ್ಲ, ಯುಡಿಐಡಿ ಅರ್ಜಿ ತುಂಬಿಸುವಾಗ ಅದರ ಪ್ರಸ್ತಾಪವೂ ಬರುವುದಿಲ್ಲ.

ಸರ್ಕಾರ ಕೊಡದ ಈ ಬೆಂಬಲವನ್ನು ಯಾರೋ ಕೊಡುತ್ತಲೇ ಇದ್ದಾರೆ. ತಮ್ಮದೇ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ 2018ರಲ್ಲಿ ಕಂಡುಕೊಂಡಂತೆ ಅಂಗವಿಕಲರಲ್ಲಿ ಶೇ. 62.1 ಮಂದಿಗೆ ಆರೈಕೆದಾರರಿದ್ದಾರೆ. ಪ್ರಮಾಣಪತ್ರ ಇದ್ದದ್ದು ಶೇ. 28.8 ಮಂದಿಗೆ. ಆ ಆರೈಕೆದಾರರು ಹೆಚ್ಚಾಗಿ ತಾಯಂದಿರು, ಹೆಂಡತಿಯರು, ಶಾಲೆ ಬಿಟ್ಟ ಅಕ್ಕಂದಿರು. ಅವರಿಗೆ ಸಂಬಳವಿಲ್ಲ, ರಜೆಯಿಲ್ಲ, ಅರವತ್ತಾದರೂ ನಿವೃತ್ತಿಯಿಲ್ಲ. ಇತ್ತ ಅಂಗವಿಕಲರ ಪಿಂಚಣಿಯಲ್ಲಿ ಕೇಂದ್ರದ ಪಾಲು 2012ರಿಂದ ತಿಂಗಳಿಗೆ 300 ರೂಪಾಯಿ. ಇತರರ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇ. 25 ಹೆಚ್ಚು ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಅರವತ್ತು ದಾಟಿದವರ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 200. ಅದಕ್ಕಿಂತ 300 ಶೇ. 50 ಹೆಚ್ಚು. ಕಾನೂನು ಚಾಚೂ ತಪ್ಪದೆ ಪಾಲನೆಯಾಗಿದೆ! ಈ ಪಿಂಚಣಿ ತಮ್ಮ ಸಚಿವಾಲಯದ್ದಲ್ಲ, ಗ್ರಾಮೀಣಾಭಿವೃದ್ಧಿಯದು ಎಂಬುದು ನಮಗೆ ಗೊತ್ತು. 300 ರೂಪಾಯಿ ಎಣಿಸಿಕೊಳ್ಳುವವರಿಗೆ ಆ ವ್ಯತ್ಯಾಸ ಕಾಣುವುದಿಲ್ಲ.

ರಾಜ್ಯಗಳು ತಂತಮ್ಮ ಬೊಕ್ಕಸದಿಂದ ಸೇರಿಸಿ ಕೊಡುತ್ತವೆ, ಅದೂ ಒಂದೊಂದು ಕಡೆ ಒಂದೊಂದು ತೆರ. ಆಂಧ್ರಪ್ರದೇಶ 2024ರ ಜುಲೈನಿಂದ ಅಂಗವಿಕಲರಿಗೆ 6,000, ಹಾಸಿಗೆ ಹಿಡಿದವರಿಗೆ 15,000 ರೂಪಾಯಿ ಕೊಡುತ್ತಿದೆ. ಕೇರಳದ ಆಶ್ವಾಸಕಿರಣಂ ಆರೈಕೆ ಮಾಡುವವರಿಗೇ 600 ರೂಪಾಯಿ ಗೊತ್ತುಮಾಡಿತು. ಮೊತ್ತ ಚಿಕ್ಕದು, ಆದರೆ ಆ ದುಡಿಮೆಯನ್ನು ದುಡಿಮೆ ಎಂದು ಒಪ್ಪಿಕೊಂಡಿತು. ಕಾರ್ಡು ದೇಶಕ್ಕೆಲ್ಲ ಒಂದೇ, ಅದರ ಬೆಲೆ ಮಾತ್ರ ಗಡಿ ದಾಟಿದ ಕೂಡಲೇ ಬದಲಾಗುತ್ತದೆ. ಕೂಲಿಗೆಂದು ವಲಸೆ ಹೋದ ಕುಟುಂಬದ ಅಂಗವಿಕಲ ಮಗುವಿಗೆ ಎರಡೂ ಕಡೆ ಸಿಗುವುದಿಲ್ಲ.

ಸಾಧನ ಸಲಕರಣೆಗಳ ಶಿಬಿರಗಳ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ತಮ್ಮ ಸಚಿವಾಲಯದ ಫೋಟೊಗಳಲ್ಲಿ ಹೆಚ್ಚು ಕಾಣುವುದು ಅವೇ. ಒಂದು ದಿನ ಅಳತೆ ಶಿಬಿರ, ತಿಂಗಳುಗಳ ನಂತರ ವಿತರಣೆ. ಅಷ್ಟರಲ್ಲಿ ಮಗು ಬೆಳೆದಿರುತ್ತದೆ, ಆಧಾರಕ್ಕೆ ಕಟ್ಟುವ ಕ್ಯಾಲಿಪರ್ ಕಾಲಿಗೆ ಹಿಡಿಯುವುದಿಲ್ಲ. ಗಾಲಿ ಕುರ್ಚಿ ಹದಿನೆಂಟು ಇಂಚಿನ ಆಸ್ಪತ್ರೆ ಕುರ್ಚಿಯಾದರೆ ಹನ್ನೆರಡು ಇಂಚಿನ ಸೊಂಟದ ಮಗು ಅದರಲ್ಲಿ ಒಂದು ಪಕ್ಕಕ್ಕೆ ವಾಲಿಯೇ ಕೂರುತ್ತದೆ. ವಾಲಿ ಕೂತ ಬೆನ್ನು ವರ್ಷಗಳಲ್ಲಿ ಹಾಗೆಯೇ ಡೊಂಕಾಗುತ್ತದೆ. ಮುಂದಿನ ಪುಟ್ಟ ಗಟ್ಟಿ ಚಕ್ರಗಳು ಆಸ್ಪತ್ರೆಯ ನೆಲಕ್ಕೆ ಸರಿ, ಮಣ್ಣಿನ ದಾರಿಯಲ್ಲಿ ಹೂತು ನಿಲ್ಲುತ್ತವೆ. ಒತ್ತು ಹುಣ್ಣು ತಡೆಯುವ ದಿಂಬು ಜೊತೆಗಿರುವುದಿಲ್ಲ. ಬ್ಯಾಟರಿ ತ್ರಿಚಕ್ರ ಕೊಡುತ್ತೀರಿ. ಬ್ಯಾಟರಿ ಸತ್ತ ಮೇಲೆ ಹೊಸದಕ್ಕೆ ಕುಟುಂಬವೇ ಹಣ ಹೊಂದಿಸಬೇಕು, ಅಲ್ಲಿಯವರೆಗೆ ಅದು ಕೊಟ್ಟಿಗೆಯಲ್ಲಿ ಕೋಳಿ ಕೂರುವ ಜಾಗ. ಕ್ಯಾಥೆಟರ್, ಡೈಪರ್, ಗ್ಲೌಸ್‌ನಂಥ ತಿಂಗಳು ತಿಂಗಳೂ ಮುಗಿಯುವ ಸಾಮಾನುಗಳಿಗೆ ಶಿಬಿರವೂ ಇಲ್ಲ, ಫೋಟೊವೂ ಇಲ್ಲ.

ಅಂಕಿಯೊಂದೇ ಸಾಲದು ಎಂದು ಸುಪ್ರೀಂ ಕೋರ್ಟ್ ಈಗಾಗಲೇ ಹೇಳಿದೆ. ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಲಿಪಿಕಾರರ ನೆರವು ಪಡೆಯಲು ಶೇ. 40 ಇರಲೇಬೇಕೆಂಬ ಷರತ್ತು ಸಲ್ಲದು ಎಂದು 2021ರ ಫೆಬ್ರುವರಿಯಲ್ಲಿ, ವಿಕಾಶ್ ಕುಮಾರ್ ಪ್ರಕರಣದಲ್ಲಿ ತೀರ್ಪು ಬಂತು. ಅದರ ಮೇಲೆ ಶೇ. 40ಕ್ಕಿಂತ ಕಡಿಮೆ ಇರುವವರಿಗಾಗಿ 2022ರಲ್ಲಿ ತಮ್ಮ ಇಲಾಖೆಯೇ ಮಾರ್ಗಸೂಚಿ ಹೊರಡಿಸಿತು. ವೈದ್ಯಕೀಯ ಸೀಟಿನ ವಿಷಯದಲ್ಲಿ 2024ರ ಅಕ್ಟೋಬರ್‌ನಲ್ಲಿ, ಅಂಕಿ ನೋಡಿ ತಳ್ಳಿಹಾಕುವಂತಿಲ್ಲ, ಅಭ್ಯರ್ಥಿ ಆ ಕೋರ್ಸು ಮಾಡಬಲ್ಲರೇ ಎಂಬುದನ್ನು ಮಂಡಳಿ ದಾಖಲಿಸಬೇಕು ಎಂದು ಅದೇ ಕೋರ್ಟ್ ಹೇಳಿತು. ವಿಚಿತ್ರವೆಂದರೆ ರೈಲ್ವೆಯವರು ಬಹಳ ಕಾಲದಿಂದಲೂ ಮೂಳೆ ಮತ್ತು ಬೌದ್ಧಿಕ ಅಂಗವಿಕಲತೆಯ ರಿಯಾಯಿತಿಗೆ ಕೇಳುತ್ತಾ ಬಂದಿರುವುದು ಬೆಂಬಲದ ಪ್ರಶ್ನೆಯನ್ನೇ: ಜೊತೆಗೊಬ್ಬರಿಲ್ಲದೆ ಇವರು ಪ್ರಯಾಣ ಮಾಡಬಲ್ಲರೇ? ಟಿಕೆಟ್ಟಿನ ಮಟ್ಟಿಗೆ ಹೊಳೆದದ್ದು ಬದುಕಿನ ಮಟ್ಟಿಗೆ ಹೊಳೆಯಬಾರದೇ?

ತಮ್ಮ ಅಧಿಕಾರಿಗಳು ಎರಡು ಅಡ್ಡಿ ಹೇಳುವುದನ್ನು ಬಲ್ಲೆವು. ಮೊದಲನೆಯದು ನಕಲಿಯ ಭಯ. ಶೇಕಡಾವಾರಾದರೆ ದೃಢವಾದ ಅಳತೆ, ಅಗತ್ಯ ಎಂದರೆ ಯಾರು ಬೇಕಾದರೂ ಕೈ ಚಾಚುತ್ತಾರೆ ಎಂಬ ವಾದ. ಅನುಭವ ಬೇರೆಯೇ ಹೇಳುತ್ತದೆ. ಬಂದಿರುವ ನಕಲಿಗಳೆಲ್ಲ ಶೇಕಡಾವಾರಿನ ನಕಲಿಗಳೇ, ಏಕೆಂದರೆ ಒಂದು ಅಂಕಿ, ಒಂದು ಸಹಿ ಕೊಂಡರೆ ಕೆಲಸ ಮುಗಿಯಿತು. ಮನೆಗೆ ಬಂದು ಅರ್ಧ ದಿನ ಕೂತು ನೋಡುವ ಮೌಲ್ಯಮಾಪನವನ್ನು, ಅದೂ ನೆರೆಹೊರೆಯವರ ಎದುರಿಗೆ, ವಂಚಿಸುವುದು ಸುಲಭವಲ್ಲ. ಸುಳ್ಳು ಹೇಳಿ ಸೌಲಭ್ಯ ಪಡೆದವರಿಗೆ ಸೆಕ್ಷನ್ 91ರಲ್ಲಿ ಎರಡು ವರ್ಷದವರೆಗೆ ಜೈಲು ಹೇಗೂ ಇದೆ. ಎರಡನೆಯದು ಹಣ. ಈ ಅಡ್ಡಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. 2013ರಲ್ಲಿ ಶುರುವಾದ ಆಸ್ಟ್ರೇಲಿಯಾದ ರಾಷ್ಟ್ರೀಯ ಯೋಜನೆ ಒಬ್ಬೊಬ್ಬರ ಅಗತ್ಯಕ್ಕೂ ಬೇರೆ ಪ್ಲ್ಯಾನ್ ಬರೆದು ಹಣ ಕಟ್ಟುತ್ತದೆ, ಅಲ್ಲಿ ಖರ್ಚು ಏರಿದ್ದು ದೊಡ್ಡ ತಲೆನೋವಾಗಿದೆ. ಅದನ್ನೇ ಇಲ್ಲಿ ತನ್ನಿ ಎಂದು ಕೇಳುತ್ತಿಲ್ಲ. ಎಷ್ಟು ಜನರಿಗೆ ಎಷ್ಟು ಗಂಟೆಯ ನೆರವು ಬೇಕು ಎಂಬ ಲೆಕ್ಕವೇ ಇಲ್ಲದೆ ಹಣವಿಲ್ಲ ಎಂದು ತೀರ್ಮಾನಿಸಿದ್ದು ಹೇಗೆ ಎಂದಷ್ಟೇ ಕೇಳುತ್ತಿದ್ದೇವೆ.

ಆದ್ದರಿಂದ ಮೊದಲು ಎಣಿಸಿ. ಯುಡಿಐಡಿ ಅರ್ಜಿಯಲ್ಲೇ ಒಂದು ಪುಟ ಸೇರಿಸಿ: ಸ್ನಾನ, ಶೌಚ, ಊಟ, ಎದ್ದು ಕೂರುವುದು, ಓಡಾಟ, ಮಾತು ಮತ್ತು ಸಂವಹನ, ಹಣ ಮತ್ತು ತೀರ್ಮಾನ, ರಾತ್ರಿಯ ಕಾವಲು. ಪ್ರತಿಯೊಂದರ ಎದುರು ದಿನಕ್ಕೆ ಎಷ್ಟು ಹೊತ್ತು ನೆರವು ಬೇಕು, ಈಗ ಯಾರು ಕೊಡುತ್ತಿದ್ದಾರೆ, ಅವರ ವಯಸ್ಸೆಷ್ಟು. ಈ ಪುಟಕ್ಕೆ ತಜ್ಞ ವೈದ್ಯರು ಬೇಕಿಲ್ಲ. ಕರ್ನಾಟಕದಲ್ಲಿ ಗೌರವಧನಕ್ಕೆ ದುಡಿಯುವ ವಿಆರ್‌ಡಬ್ಲ್ಯುಗಳಿದ್ದಾರೆ, ಬಹುತೇಕರು ತಾವೇ ಅಂಗವಿಕಲರು. ತರಬೇತಿ ಕೊಟ್ಟು, ಗೌರವಧನದ ಬದಲು ಸಂಬಳ ಕೊಟ್ಟು, ಮನೆ ಭೇಟಿಯ ಕೆಲಸವನ್ನು ಅವರಿಗೆ ಒಪ್ಪಿಸಿ. ‘ಬೆಂಬಲ ಬೇಕು’ ಎಂದು ಗುರುತು ಹಾಕಿದವರ ಅರ್ಜಿ ತಾನಾಗಿಯೇ ಸೆಕ್ಷನ್ 38ರ ಪ್ರಾಧಿಕಾರಕ್ಕೆ ಹೋಗಲಿ, ಇನ್ನೊಂದು ಅರ್ಜಿ, ಇನ್ನೊಂದು ಸಾಲು ಬೇಡ.

ಪಿಂಚಣಿಯ ಶೇ. 80ರ ಗೆರೆಯನ್ನು ಗ್ರಾಮೀಣಾಭಿವೃದ್ಧಿ ಸಚಿವಾಲಯದ ಜೊತೆ ಕೂತು ತೆಗೆಸಿ. ತಕ್ಷಣಕ್ಕೆ ಆಗದಿದ್ದರೆ ಬೌದ್ಧಿಕ ಅಂಗವಿಕಲತೆಗೆ ಶೇ. 75 ಎಂದು ಒಂದು ಸಾಲಿನ ತಿದ್ದುಪಡಿ ಸಾಕು. ತಾತ್ಕಾಲಿಕ ಪತ್ರದ ಅವಧಿ ಮುಗಿದರೂ, ನವೀಕರಣಕ್ಕೆ ಅರ್ಜಿ ಹಾಕಿದ ರಸೀದಿ ಇದ್ದರೆ ಹೊಸದು ಬರುವವರೆಗೆ ಹಳೆಯದೇ ಊರ್ಜಿತವಾಗಲಿ. ಆರೈಕೆದಾರರ ಭತ್ಯೆಯಲ್ಲಿ ಕೇಂದ್ರದ ಪಾಲು ಎಷ್ಟೆಂದು ಗೊತ್ತುಮಾಡಿ. ಸಾಧನ ಕೊಡುವಾಗಲೇ ರಿಪೇರಿ, ಬ್ಯಾಟರಿ, ದಿಂಬಿನ ಹಣವನ್ನೂ ಅದರೊಳಗೆ ಸೇರಿಸಿ, ತಾಲ್ಲೂಕಿಗೊಂದು ರಿಪೇರಿ ಜಾಗ ಗುರುತಿಸಿ.

ಈ ಪತ್ರಕ್ಕೆ ತಾವು ಉತ್ತರಿಸುವುದಾದರೆ ಮೂರು ವಿವರ ಕೊಡಬೇಕೆಂದು ಕೋರುತ್ತೇವೆ: ಸೆಕ್ಷನ್ 38ರ ಪ್ರಾಧಿಕಾರವಾಗಿ ಯಾವ ರಾಜ್ಯದಲ್ಲಿ ಯಾವ ಅಧಿಕಾರಿಯನ್ನು ಗೊತ್ತುಪಡಿಸಲಾಗಿದೆ, ಇದುವರೆಗೆ ಎಷ್ಟು ಅರ್ಜಿಗಳು ಬಂದಿವೆ, ಮಂಡಳಿಯ ವರದಿಯ ಮೇಲೆ ಎಷ್ಟು ಮಂದಿಗೆ ಯಾವ ನೆರವು ತಲುಪಿದೆ. ಉತ್ತರ ಕನ್ನಡದಲ್ಲೂ ಇರಲಿ. ಸಹಿ ಮಾಡಿ ಸ್ಕ್ಯಾನ್ ಮಾಡಿದ ಚಿತ್ರದ ಪಿಡಿಎಫ್ ದಯವಿಟ್ಟು ಬೇಡ. ನಮ್ಮಲ್ಲಿ ಹಲವರು ಸ್ಕ್ರೀನ್ ರೀಡರ್‌ನಲ್ಲಿ ಓದುವವರು, ಅದಕ್ಕೆ ಚಿತ್ರ ಓದಲು ಬರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಅಂಗವಿಕಲರು, ಪೋಷಕರು ಮತ್ತು ಪುನರ್ವಸತಿ ಕಾರ್ಯಕರ್ತರು

ಪ್ರತಿಗಳು: ಅಂಗವಿಕಲರ ಮುಖ್ಯ ಆಯುಕ್ತರು, ನವದೆಹಲಿ, ರಾಜ್ಯ ಆಯುಕ್ತರು, ಬೆಂಗಳೂರು.